ಎಣ್ಣೆ-ಕುಂಕುಮ ಇಟ್ಟ ಬೈಕ್

ಟಿಕ್... ಟಿಕ್... ಟಿಕ್...

ಬೀಜಾಡಿಯ ಕಡಲಿನ ಸದ್ದು ಧನ್ಯಶ್ರೀಗೆ ಕೇಳಿಸುವುದೇ ಇಲ್ಲ. ಹುಟ್ಟಿದಂದಿನಿಂದ ಕೇಳಿ ಕೇಳಿ ಅದು ಅವಳಿಗೆ ಮೌನದಷ್ಟೇ ಸಹಜ. ಆದರೆ ನಡುರಾತ್ರಿಯ ಈ ಸಣ್ಣ ಸದ್ದಿಗೆ ಅವಳು ಹಾಸಿಗೆಯಲ್ಲೇ ಬೆಚ್ಚಿ ಕುಳಿತಳು.

ನಟ್ಟು ಬಿಗಿಯುವ ಸ್ಪ್ಯಾನರಿನ ಸದ್ದು! ಅದೂ ಅಣ್ಣನ ಶೆಡ್ಡಿನಿಂದ!

ಅಣ್ಣ ರತನ್ ರೇಸಿನಲ್ಲಿ ಬಿದ್ದು ಕಾಲು ಮಡಚಲಾಗದಂತಾದ ಮೇಲೆ ಆ ಶೆಡ್ಡಿನ ಬೀಗ ತೆರೆದದ್ದೇ ಇಲ್ಲ. ಧನ್ಯಾ ಟಾರ್ಚ್ ಹಿಡಿದು, ಉಸಿರು ಬಿಗಿಹಿಡಿದು ಅಂಗಳ ದಾಟಿದಳು.

"ಯಾರ್ ಅದ್?!"

ಬೈಕಿನ ಪಕ್ಕ ನೆಲದ ಮೇಲೆ ಕುಳಿತಿದ್ದವನು ಬೆಳಕಿಗೆ ಕಣ್ಣು ಕಿರಿದು ಮಾಡಿ ತಲೆಯೆತ್ತಿದ.

ಅವಳು ಟಾರ್ಚನ್ನು ಇನ್ನೂ ಹತ್ತಿರ ಹಿಡಿದಳು. ಆ ಮುಖವನ್ನು ಅವಳು ಎದುರಿಗೆ ಎಂದೂ ಕಂಡಿರಲಿಲ್ಲ. ಆದರೆ ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಳೋ! ಟ್ರ್ಯಾಕಿನ ತಿರುವಿನಲ್ಲಿ ಮುಂದಿನ ಬೈಕು ಜಾರುತ್ತದೆ... ಹಿಂದೆಯೇ ಬಂದ ಅಣ್ಣನ ಬೈಕು ಅದಕ್ಕೆ ಬಡಿದು ಗಾಳಿಗೆ ಹಾರುತ್ತದೆ... ಮೊದಲು ಬಿದ್ದವನು ಎದ್ದು, ಹೆಲ್ಮೆಟ್ ಕಿತ್ತೆಸೆದು ಅಣ್ಣನ ಕಡೆ ಓಡುತ್ತಾನೆ. ವೀಡಿಯೋ ಅಲ್ಲಿಗೆ ನಿಲ್ಲುತ್ತದೆ.

"ನೀವು... ಉಲ್ಲಾಸ್!"

"ಹೌದ್. ಹೆದ್ರಬೇಡಿ. ರತನನೇ ಕರ್ದದ್, ಕೀಯೂ ಅವನೇ ಕೊಟ್ಟದ್. ಬ್ರಹ್ಮಾವರದ ನಮ್ ಹೋಟ್ಲ್ ಬಾಗ್ಲ್ ಹಾಕಿ ಬಪ್ಪತಿಗೆ ಇಷ್ಟೊತ್ತಾಯ್ತ್. ನಾಳಿಂದ ರಜೆ ಹಾಕಿದ್ದೆ."

"ಅಣ್ಣ ನಿಮ್ಮನ್ನ ಕರ್ದನಾ? ಅವನ ಕಾಲ್ ತೆಗ್ದವ್ರನ್ನಾ?!"

ಆತ ಸ್ಪ್ಯಾನರನ್ನು ಸದ್ದಾಗದಂತೆ ಕೆಳಗಿಟ್ಟ. "ನಂಗೂ ನಂಬುಕಾಯ್ಲಿಲ್ಲೆ."

ಧನ್ಯಾ ಮಾತನ್ನು ತೂಗಿ ಆಡುವವಳು. ಕಾಲೇಜಿನಲ್ಲೂ ಹಾಗೆ, ಮನೆಯಲ್ಲೂ ಹಾಗೆ. ಅಂದು ಮಾತ್ರ ತೂಗಿ, ಅತಿ ಭಾರದ್ದನ್ನೇ ಆರಿಸಿ ಎಸೆದಳು.

"ನನ್ನಣ್ಣಂಗೆ ಮೊಣಕಾಲ್ ಮಡ್ಚುಕ್ ಆತಿಲ್ಲೆ. ನಿಮ್ದ್ ಮಡ್ಚತ್ತ್ ಅಲ್ದಾ? ಚಂದ ಮಾಡಿ ನೆಲದ್ಮೇಲೆ ಕೂತಿದ್ರಿ!"

ಉಲ್ಲಾಸ್ ಕೈಯ ಗ್ರೀಸ್ ಒರೆಸಿಕೊಂಡ. ಎದ್ದು ನಿಂತ, ಅಷ್ಟೆ.

ಆ ಮೌನ ಅವಳನ್ನು ಬೆಳಗಿನವರೆಗೂ ನಿದ್ದೆ ಮಾಡಗೊಡಲಿಲ್ಲ. ಛೇ... ಬೈದವಳು ನಾನು, ನೊಂದದ್ದೂ ನಾನೇ ಯಾಕೆ?

*

"ಹೌದ್, ನಾನೇ ಕರ್ದದ್" ಎಂದ ರತನ್, ಬೆಳಿಗ್ಗೆ ಚಹಾ ಕುಡಿಯುತ್ತ. "ಈ ಶನಿವಾರ ಕೊಯಮತ್ತೂರ್ ಟ್ರ್ಯಾಕಿಗೆ ನನ್ ಬೈಕ್ ಹೋಯ್ಕ್. ನಂಗಂತೂ ಹತ್ತುಕಾತಿಲ್ಲೆ. ಬೀಳ್ಸಿದವನೇ ಓಡ್ಸ್ಲಿ."

ಅವನ ತುಟಿಯ ಮೇಲಿದ್ದದ್ದು ನಗುವೇ. ಧನ್ಯಾಳಿಗೆ ಅದು ಹಿಡಿಸಲಿಲ್ಲ.

ಆ ವಾರವೆಲ್ಲ ಶೆಡ್ಡಿನಲ್ಲಿ ಕೆಲಸ ನಡೆಯಿತು. ಕನ್ನಡಿ, ಇಂಡಿಕೇಟರ್, ಸ್ಟ್ಯಾಂಡ್ ಎಲ್ಲ ಕಳಚಬೇಕು. ಆಯಿಲ್ ಸೋರದಂತೆ ಬೋಲ್ಟುಗಳಿಗೆ ತೂತು ಕೊರೆದು ಉಕ್ಕಿನ ತಂತಿ ಹೆಣೆದು ಬಿಗಿಯಬೇಕು. ಇಲ್ಲದಿದ್ದರೆ ಟ್ರ್ಯಾಕಿನ ತಪಾಸಣೆಯವರು ಬೈಕನ್ನು ಒಳಗೇ ಬಿಡುವುದಿಲ್ಲ. ರತನ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ನೀಡಿ ಕುಳಿತು ಊರುಗೋಲಿನಿಂದ ತೋರಿಸುವನು. ಉಲ್ಲಾಸ್ ಮಾಡುವನು.

"ಹ್ವಾಯ್ ಹೋಟ್ಲಿನವ್ರೇ! ಅದ್ ದೋಸಿ ಅಲ್ಲ, ಮಗ್ಚಿ ಹಾಕುಕೆ! ತಂತಿ ಬಿಚ್ಚ್. ಪುನಃ ಕಟ್ಟ್."

ಉಲ್ಲಾಸ್ ಬಿಚ್ಚಿದ. ಕಟ್ಟಿದ.

"ಬಿಚ್ಚ್."

ತಂತಿಯ ತುದಿ ಬೆರಳಿಗೆ ಹೊಕ್ಕು ರಕ್ತ ಬಂತು.

"ಎಂತ, ನೋಯ್ತಾ? ನಂಗೆ ಕಾಲಿಗೆ ರಾಡ್ ಹಾಕುವತಿಗೆ ನೀ ಎಲ್ಲಿದ್ದಿದ್ದೆ ಮಾರಾಯಾ?"

ಉಲ್ಲಾಸ್ ಬೆರಳನ್ನು ಪ್ಯಾಂಟಿಗೆ ಒರೆಸಿ ತಂತಿ ಬಿಚ್ಚತೊಡಗಿದ. ಚಹಾ ತಂದಿಟ್ಟ ಧನ್ಯಾ ಮುಖ ತಿರುಗಿಸಿ ಒಳಗೆ ನಡೆದಳು. ಅಡುಗೆಮನೆಯಲ್ಲಿ ಅಮ್ಮ ಜಲಜ ಬಂಗುಡೆ ಮೀನು ಹಸನು ಮಾಡುತ್ತಿದ್ದಳು.

"ಅಮ್ಮ, ಆ ಜನ ಎಂತಕ್ಕೆ ಒಂದ್ ಮಾತೂ ಆಡುದಿಲ್ಲೆ? ಅಷ್ಟ್ ದೊಡ್ಡ ಹೋಟ್ಲಿನ ಮಗ. ಸುಮ್ನೆ ಎದ್ದ್ ಹೋಪುಕಾಗ್ದಾ?"

ಅಮ್ಮ ದನಿ ತಗ್ಗಿಸಿದಳು. "ನಿಂಗ್ ಗೊತ್ತಿಲ್ಲೆ ಹೆಣೆ. ಆಸ್ಪತ್ರಿ ಗೇಟಿನ ಹತ್ರ ದಿನಾ ಬಂದ್ ನಿಂತ್ಕಂತಿದ್ದ ಗಂಡ್ ಇವನೇ. ಒಳ್ಗ್ ಬಿಡುಕಾಗ ಅಂದದ್ ನಿನ್ನಣ್ಣ. ನಾನೇ ಎಷ್ಟ್ ಸಲ ಚಾ ಕೊಟ್ಟಿದ್ದೆ, ಪಾಪ..."

ಧನ್ಯಾ ಒಲೆಯ ಮುಂದೆ ಹಾಗೇ ನಿಂತುಬಿಟ್ಟಳು. ಅಯ್ಯೋ... ಅವನ ಮೊಣಕಾಲಿನ ಬಗ್ಗೆ ನಾನು ಆಡಿದ ಮಾತು!

ಗುರುವಾರ ಸಂಜೆ ರತನ್ ಒಳಗೆ ಮಲಗಿದ್ದಾಗ ಅವಳು ಅರಿಸಿನ, ಬಟ್ಟೆಪಟ್ಟಿ ಹಿಡಿದು ಶೆಡ್ಡಿಗೆ ಹೋದಳು. ಗಾಜು ಒಡೆದರೆ ಟ್ರ್ಯಾಕಿನಲ್ಲಿ ಚೆಲ್ಲಬಾರದೆಂದು ಉಲ್ಲಾಸ್ ಹೆಡ್‌ಲೈಟಿಗೆ ಟೇಪು ಸುತ್ತುತ್ತಿದ್ದ.

"ಬೆರಳ್ ತೋರ್ಸಿ."

"ಬ್ಯಾಡ, ಎಂತ ಆಯ್ಲಿಲ್ಲೆ."

"ತೋರ್ಸಿ ಅಂದೆ!"

ಅವನು ಚಿಕ್ಕ ಮಗುವಿನಂತೆ ಕೈ ನೀಡಿದ. ಅವಳು ಪಟ್ಟಿಯನ್ನು ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚೇ ಸುತ್ತಿದಳು.

"ಇಷ್ಟೆಲ್ಲ ಎಂತಕ್ಕೆ ಸಹಿಸ್ಕಂತ್ರಿ?"

"ಬಯ್ದ್ರೆ ಅಷ್ಟೊತ್ತಾದ್ರೂ ಅವ ನನ್ನೊಟ್ಟಿಗ್ ಮಾತಾಡ್ತ ಅಲ್ದಾ..."

"ಮತ್ತೆ ನಾ ಬಯ್ದದ್ದ್?"

ಅವನು ಟೇಪನ್ನು ಹಲ್ಲಿನಿಂದ ಕತ್ತರಿಸಿ ನಕ್ಕ. "ನೀವ್ ಬಯ್ದದ್ದ್ ಅಣ್ಣಂದಕ್ಕಿಂತ ಜೋರಿತ್ತ್. ನಾಲ್ಕ್ ಜನ ಒಟ್ಟಿಗೇ ಹೋಟ್ಲಿಗ್ ಬಂದ್ ಸಾರಿಗೆ ಉಪ್ಪಿಲ್ಲೆ ಅಂತ ಬೊಬ್ಬಿ ಹಾಕ್ದಂಗೆ."

ಧನ್ಯಾ ನಕ್ಕುಬಿಟ್ಟಳು! ಆ ಮನೆಯಲ್ಲಿ ಯಾರೂ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ...

ಬಾಗಿಲಲ್ಲಿ ಊರುಗೋಲು ಕುಟ್ಟಿದ ಸದ್ದಾಯಿತು. ರತನ್ ಯಾವಾಗ ಬಂದು ನಿಂತನೋ.

"ಕಾಲ್ ತಕಂಡದ್ ಸಾಕಾಯ್ಲಿಲ್ಯಾ ಉಲ್ಲಾಸಾ? ಈಗ ತಂಗಿನೂ ಬೇಕಾ?"

"ಅಣ್ಣಾ!"

"ನೀ ಒಳ್ಗ್ ನಡಿ."

ಅವನು ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಬೈಕು ಅಂಗಳಕ್ಕೆ ಬಂತು. ಮಧ್ಯಾಹ್ನ ಅದನ್ನು ಒಯ್ಯಲು ಹೆಮ್ಮಾಡಿಯಿಂದ ಪಿಕಪ್ ಗಾಡಿ ಬರುವುದಿತ್ತು. ಉಲ್ಲಾಸ್ ಶೆಡ್ಡಿನೊಳಗೆ ರೇಸಿನ ಜಾಕೆಟ್, ಬೂಟು, ಹೆಲ್ಮೆಟ್ ಹಾಕಿ ನೋಡುತ್ತಿದ್ದ. ಜಲಜ ಹರಿವಾಣದಲ್ಲಿ ಎಣ್ಣೆ, ಕುಂಕುಮ, ಹೂವು ಹಿಡಿದು ಬಂದಳು.

ಮಳೆಗಾಲ ಮುಗಿದು ಬೋಟು ಕಡಲಿಗೆ ಇಳಿಯುವ ದಿನ ಅವಳು ಮಾಡುವ ಪೂಜೆ ಅದು. ಬೋಟಿನ ಮೂತಿಗೆ, ಎಂಜಿನ್ನಿಗೆ, ಕಬ್ಬಿಣ ಕಂಡಲ್ಲೆಲ್ಲ ಕೈತುಂಬ ಎಣ್ಣೆ. ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣಕ್ಕೆ ಎಣ್ಣೆಯೇ ರಕ್ಷೆ. ಹತ್ತಾರು ದಿನ ಕಡಲಲ್ಲೇ ಇರುವ ಗಂಡನ ಬೋಟನ್ನು ವರ್ಷವರ್ಷವೂ ಹಾಗೆಯೇ ಕಳಿಸಿ, ಹಾಗೆಯೇ ಮರಳಿ ಪಡೆದ ಕೈ ಅವಳದು.

ಟ್ಯಾಂಕಿಗೆ ಬೊಟ್ಟಿಟ್ಟಳು. ಹ್ಯಾಂಡಲಿಗೆ ಹೂ ಸಿಕ್ಕಿಸಿದಳು. ಮುಂದಿನ ಚಕ್ರದ ನಡುವೆ ಹೊಳೆಯುವ ಉಕ್ಕಿನ ತಟ್ಟೆ ಅವಳ ಕಣ್ಣಿಗೆ ಬಿತ್ತು.

"ರತನಾ, ಇದಕ್ಕೂ ಎಣ್ಣೆ ಹಚ್ಲಾ?"

ಜಗಲಿಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಧನ್ಯಾ ತಿರುಗಿ ನೋಡಿದಳು. ಅದು ಬ್ರೇಕ್ ಡಿಸ್ಕ್. ಹಿಂದೊಮ್ಮೆ ಅವಳು ಅದನ್ನು ಬರಿ ಬೆರಳಿನಿಂದ ಮುಟ್ಟಿದ್ದಕ್ಕೆ ಅಣ್ಣ ಎಗರಾಡಿದ್ದ: 'ಕೈ ಜಿಡ್ಡೂ ತಾಗುಕಾಗ ಹೆಣೆ! ಬ್ರೇಕ್ ಹಿಡೂದಿಲ್ಲೆ, ಓಡ್ಸುವವ ಸಾಯ್ತ!'

ಅಂಗಳದ ಕುರ್ಚಿಯಲ್ಲಿದ್ದ ರತನ್ ತಾಯಿಯನ್ನು ನೋಡಿದ. ಬೈಕನ್ನು ನೋಡಿದ.

"ಹ್ಞೂಂ... ಹಚ್ಚ್ ಅಮ್ಮ. ಹಿಂದಿಂದಕ್ಕೂ ಹಚ್ಚ್."

ಜಲಜ ಕುಂಕುಮ ಮೆತ್ತಿದ ಕೈಯಿಂದಲೇ, ಭಕ್ತಿಯಿಂದ ಸುತ್ತಲೂ ಹಚ್ಚಿದಳು. "ಓಡ್ಸುವ ಗಂಡಿಗೆ ಎಂತ ಆಪುಕಾಗ ದೇವ್ರೇ" ಎನ್ನುತ್ತ, ಹೆಚ್ಚಾದದ್ದನ್ನು ಸೆರಗಿನಿಂದ ಒರೆಸಿ ಹೊಳಪು ಬರಿಸಿದಳು.

ಧನ್ಯಾಳ ಕಣ್ಣು ಅಣ್ಣನ ಕಣ್ಣಿಗೆ ಸಿಕ್ಕಿತು. ಅವಳಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. ಆದರೂ ಅವನು ರೆಪ್ಪೆ ಬಡಿಯಲಿಲ್ಲ.

"ಚಾ ಆರತ್ತ್, ತಕಂಡ್ ಬಾ" ಎಂದ. ಮತ್ತೆ ಶೆಡ್ಡಿನ ಕಡೆ ದನಿಯೆತ್ತಿದ: "ಉಲ್ಲಾಸಾ! ಪಿಕಪ್ಪಿಗೆ ಏರ್ಸುಕಿಂತ ಮುಂಚೆ ಒಂದ್ ಸುತ್ತ್ ಹೊಡ್ಕಂಡ್ ಬಾ. ಕಡಲ್ ಬದಿ ರಸ್ತಿಯಲ್ಲಿ. ಜೋರಂಗ್ ಬಿಡ್!"

ಕೂಗಿಬಿಡಬೇಕು! ಈಗಲೇ! ಆದರೆ ಏನೆಂದು ಕೂಗುವುದು? ಹರಿವಾಣ ಹಿಡಿದು ನಗುತ್ತ ನಿಂತ ಅಮ್ಮನ ಎದುರು? ನಿನ್ನ ಮಗ ನಿನ್ನ ಕೈಯಿಂದಲೇ ಒಬ್ಬನ ಸಾವು ಹಚ್ಚಿಸಿದ ಎಂದೇ?

ಉಲ್ಲಾಸ್ ಬಂದು ಬೈಕು ಹತ್ತಿದ. ಧನ್ಯಾ ಅಂಗಳಕ್ಕೆ ಹಾರಿ ಕೀ ಕಿತ್ತುಕೊಂಡಳು.

"ಇಳೀರಿ! ನೀವ್ ಈ ಬೈಕ್ ಮುಟ್ಟುಕಾಗ!"

"ಧನ್ಯಾ... ಎಂತ ಆಯ್ತ್?"

"ನಿಮ್ ಮುಖ ಕಂಡ್ರೆ ನಂಗಾತಿಲ್ಲೆ! ನಿನ್ನೆ ನಕ್ಕದ್ದ್ ಸುಳ್ಳ್! ನಮ್ಮನಿ ಅಂಗಳಕ್ಕೆ ಇನ್ನ್ ಕಾಲಿಡ್ಬೇಡಿ! ಹೋಯ್ನಿ!"

ಅವನ ಮುಖದ ಬಣ್ಣ ಇಳಿಯಿತು. ಇಳಿಯಲಿ... ಬದುಕಿದ್ದು ನನ್ನನ್ನು ದ್ವೇಷಿಸಲಿ!

"ಕೇಣ್ಯಾ?" ರತನ್ ನಕ್ಕ. ಜೇಬಿನಿಂದ ಇನ್ನೊಂದು ಕೀ ತೆಗೆದು ಎಸೆದ. "ಹಿಡಿ. ಹೆಣ್ಮಕ್ಳ್ ಮಾತಿಗೆ ನಿಂತ್ಕಂಬುದಾ?"

ಉಲ್ಲಾಸ್ ಅವಳ ಕಡೆ ಮತ್ತೆ ನೋಡಲಿಲ್ಲ. ನೋವು ತಿಂದವನ ವೇಗದಲ್ಲಿ ಬೈಕು ಗೇಟು ದಾಟಿತು. ಬೆನ್ನಿಗೇ ಧನ್ಯಾ ಸ್ಕೂಟಿ ಏರಿದಳು.

"ಇವ್ಳಿಗೆಂತ ಆಯ್ತ್ ಇವತ್ತ್?" ಅಮ್ಮ ಕೇಳುತ್ತಿದ್ದದ್ದು ಹಿಂದೆಯೇ ಉಳಿಯಿತು.

*

ಕೋಟೇಶ್ವರದ ಕಡೆಗೆ ರಸ್ತೆ ಹೊರಳುವ ತಿರುವಿನಲ್ಲಿ ಬೈಕು ಬಿದ್ದಿತ್ತು. ಕಡಲಿಗೆ ಕಟ್ಟಿದ ಕಲ್ಲಿನ ತಡೆಗೋಡೆ ಒಂದೇ ಮಾರು ಆಚೆ. ಅದರ ಈಚೆ ಮರಳಿನ ಮೇಲೆ ಉಲ್ಲಾಸ್ ಮಲಗಿದ್ದ.

"ಉಲ್ಲಾಸ್! ಉಲ್ಲಾಸ್!"

ಹೆಲ್ಮೆಟ್ಟಿನೊಳಗೆ ಕಣ್ಣು ತೆರೆಯಿತು. ಧನ್ಯಾ ಮರಳಿನಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಅವನ ಎಡಭುಜ ಕೆಳಗಿಳಿದಿತ್ತು. ಜೀವ ಇತ್ತು!

"ಬ್ರೇಕ್ ಹಿಡಿಲಿಲ್ಲೆ" ಎಂದ ಹಲ್ಲು ಕಚ್ಚಿ, ಬಲಗೈಯಿಂದ ಮರಳನ್ನು ತಟ್ಟಿ ತೋರಿಸುತ್ತ. "ಗೋಡಿಗ್ ಹೊಡೂಕಿಂತ ಮುಂಚೆ ಈ ಹೊಯ್ಗಿಗೆ ಬೀಳ್ಸ್ದೆ. ಬಿದ್ದಲ್ಲಿಂದ್ಲೇ ಡಿಸ್ಕ್ ಕಂಡೆ... ಎಣ್ಣೆ. ಕುಂಕುಮನೂ ಇತ್ತ್." ಸ್ವಲ್ಪ ತಡೆದು ಕೇಳಿದ: "ಯಾರ್ ಹಚ್ಚದ್?"

ಅವಳು ಕಣ್ಣೊರೆಸಿಕೊಂಡಳು. ಅಣ್ಣ ಜೈಲಿನಲ್ಲಿ... ಅಮ್ಮ ತನ್ನ ಅಂಗೈಯನ್ನೇ ನೋಡುತ್ತ ಕುಳಿತಿರುವುದು... ಎರಡೂ ಕಣ್ಣ ಮುಂದೆ ಬಂದವು.

"ನಾನೇ" ಎಂದಳು. "ನಾನೇ ಹಚ್ಚದ್. ನಿಮ್ಮನ್ನ ಕಂಡ್ರೆ ಆತಿಲ್ಲೆ ಅಂತ ಹೇಳ್ಳಿಲ್ಯಾ?"

ಉಲ್ಲಾಸ್ ಅವಳನ್ನೇ ನೋಡಿದ.

"ನೀನೇ ಹಚ್ಚಿದ್ರೆ ಕೀ ಎಂತಕ್ಕೆ ಕಿತ್ಕಂಡೆ?"

ಅವಳು ಕಡಲಿನ ಕಡೆ ಮುಖ ತಿರುಗಿಸಿದಳು. ಮೊದಲ ಬಾರಿ ಅವನು 'ನೀನು' ಎಂದದ್ದೂ ಅವಳಿಗೆ ಆಮೇಲೆ ಹೊಳೆಯಿತು.

"ನನ್ನ ನಿಲ್ಸುಕೆ ಬಯ್ದದ್ದ್ ಅಲ್ದಾ? ಹೇಳ್ ಧನ್ಯಾ. ನಾನ್ ಸಾಯ್ತ್ನೇನೋ ಅಂತ್ಹೇಳಿ ಬಯ್ದದ್ದ್?"

"ಹೌದ್!" ಅವಳು ಚೀರಿದಳು. "ನೀವ್ ಸತ್ರೆ ನಾ ಬದ್ಕುದಿಲ್ಲೆ! ಸಾಕಾ?"

ಕಡಲು ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ಉಲ್ಲಾಸ್ ಬಲಗೈ ಚಾಚಿ ಅವಳ ಕೈ ಹಿಡಿದ.

"ಸಾಕ್... ನಂಗೂ ಅಷ್ಟೇ ಬೇಕಿದ್ದದ್ದ್." ಮತ್ತೆ ಮೆಲ್ಲನೆ ಕೇಳಿದ, "ಪೂಜೆ ಮಾಡದ್ದ್ ಅಮ್ಮ ಅಲ್ದಾ? ಅವ್ರಿಗ್ ಗೊತ್ತಿಲ್ಲೆ. ಹಚ್ಚ್ ಅಂದವಂಗ್ ಗೊತ್ತಿತ್ತ್."

ಅವಳು ತಲೆ ತಗ್ಗಿಸಿದಳು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅಮ್ಮ!

"ಎಲ್ಲಿದ್ಯೆ ಹೆಣೆ? ಎಂತ ಆಯ್ತ್? ನಿನ್ನಣ್ಣ ಚಾನೂ ಕುಡಿಲಿಲ್ಲೆ, ಗೇಟಿಗ್ ಹೋಯಿ ನಿಂತಿದ್ದ. ಮಾತಾಡಿದ್ರೆ ಮಾತಾಡುದಿಲ್ಲೆ!"

"ಉಲ್ಲಾಸ್ ಬಿದ್ರ್ ಅಮ್ಮ. ಹೊಯ್ಗಿ ಇತ್ತ್, ಬೈಕ್ ಜಾರ್ತ್. ಭುಜ ಪೆಟ್ಟಾಯ್ತ್, ಜೀವಕ್ಕೆಂತ ಇಲ್ಲೆ."

"ಅಯ್ಯೋ ದೇವ್ರೇ!" ಅತ್ತಣಿಂದ ಅಮ್ಮನ ಅಳು, ಅದರ ಹಿಂದೆಯೇ ನಿಟ್ಟುಸಿರು. "ಕಂಡ್ಯಾ ಹೆಣೆ... ನಾ ಎಣ್ಣೆ-ಕುಂಕುಮ ಇಟ್ಟದ್ದಕ್ಕೇ ಜೀವ ಉಳ್ದದ್ದ್!"

ಧನ್ಯಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಉಲ್ಲಾಸ್ ಕಣ್ಣು ಮುಚ್ಚಿಕೊಂಡ.

"ಹೌದ್ ಅಮ್ಮ" ಎಂದಳು. "ಅದಕ್ಕೇ ಉಳ್ದದ್ದ್."

ಫೋನಿಟ್ಟು, ಆಂಬುಲೆನ್ಸಿಗೂ ಕರೆ ಮಾಡಿ ಎದ್ದಳು. ಸ್ಕೂಟಿಯ ಡಿಕ್ಕಿಯಲ್ಲಿದ್ದ ಬಟ್ಟೆ ತೆಗೆದು, ಬಿದ್ದ ಬೈಕಿನ ಟ್ಯಾಂಕಿನಿಂದ ಸೋರುತ್ತಿದ್ದ ಪೆಟ್ರೋಲಿನಲ್ಲಿ ಅದ್ದಿ, ಡಿಸ್ಕನ್ನು ಉಜ್ಜತೊಡಗಿದಳು. ಮುಂದಿನದು, ಹಿಂದಿನದು. ಕೆಂಪು ಬಟ್ಟೆಗೆ ಇಳಿಯಿತು. ಯಾರಿಗೂ ಕಾಣದಂತೆ ಬಟ್ಟೆಯನ್ನು ಮರಳಿನಲ್ಲಿ ಹೂತಳು.

"ನಾಳಿನ ಟ್ರ್ಯಾಕ್ ಹೋಯ್ತ್" ಎಂದ ಉಲ್ಲಾಸ್. "ನಿನ್ನಣ್ಣ ಅಂದ್ಕಂಡದ್ದ್ ಆಯ್ತ್ ಬಿಡ್."

"ನಿಮಗ್ ಸಿಟ್ಟಿಲ್ಯಾ?"

"ಇತ್ತ್. ಈಗ್ಲೂ ತುಂಬ ಇತ್ತ್." ಅವನ ದನಿ ಒಡೆಯಿತು. "ಪೊಲೀಸ್ರಿಗ್ ಹೇಳ್ವ ಅಂದ್ರೆ ಹೇಳ್ತೆ. ನೀ ಹೇಳ್ದಂಗೆ."

ಧನ್ಯಾ ತಡೆಗೋಡೆಯ ಕಡೆ ನೋಡಿದಳು. ಒಂದೇ ಮಾರು. ಈ ಮನುಷ್ಯನಿಗೆ ನ್ಯಾಯ ಸಿಗಬೇಕೆಂದರೆ ಅಮ್ಮ ಸಾಯುವವರೆಗೂ ಆ ಅಂಗೈಯನ್ನು ಹೊತ್ತು ತಿರುಗಬೇಕು. ಅಣ್ಣ ಅದನ್ನೂ ಲೆಕ್ಕ ಹಾಕಿಯೇ 'ಹ್ಞೂಂ' ಎಂದಿರಬೇಕು.

"ಬ್ಯಾಡ."

"ಆ ಮನಿಯಲ್ಲಿ ನೀ ದಿನಾ ಅವನೊಟ್ಟಿಗೆ ಕೂತ್ ಉಣ್ಕಲ್ದಾ, ಧನ್ಯಾ..."

"ಉಣ್ತೆ."

"ಎಷ್ಟ್ ದಿನ?"

"ನೀವ್ ಬಂದ್ ಕರ್ಕಂಡ್ ಹೋಪಲ್ಲಿವರಿಗೆ."

ಉಲ್ಲಾಸ್ ನಗಲು ಹೋಗಿ ಭುಜದ ನೋವಿಗೆ ನರಳಿದ. ಅವಳು ಅವನ ಹೆಲ್ಮೆಟ್ ಕಳಚಿ, ತಲೆಯನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

"ಭುಜ ಸಮ ಆಯ್ಲಿ" ಎಂದ. "ಅಪ್ಪಯ್ಯನ್ನ ಕರ್ಕಂಡೇ ಬತ್ತೆ. ನಿನ್ನಣ್ಣನ ಎದ್ರೇ ಹೆಣ್ ಕೇಣ್ತೆ."

"ಕೇಣಿ. ಅವ ಇಲ್ಲೆ ಅನ್ನುದಿಲ್ಲೆ."

"ಹ್ಯಾಂಗ್ ಗೊತ್ತ್?"

ಅವಳು ಮನೆಯ ದಿಕ್ಕಿಗೆ ನೋಡಿದಳು. ಅಣ್ಣನ ಎದುರು ಅವಳು ಬಾಯಿ ತೆರೆಯಬೇಕಾಗಿಯೇ ಇಲ್ಲ. ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಸಾಕು. ಇನ್ನು ಬದುಕಿಡೀ ಅವನು ಆ ನೋಟಕ್ಕೆ ಹೆದರಿಯೇ ಇರಬೇಕು. ಅಷ್ಟು ಕಠಿಣಳಾಗಬಲ್ಲೆ ಎಂದು ಅವಳಿಗೆ ಆವರೆಗೆ ತಿಳಿದಿರಲಿಲ್ಲ.

ಆಂಬುಲೆನ್ಸಿನ ಸದ್ದು ದೂರದಲ್ಲಿ ಕೇಳಿಸಿತು.

"ಹ್ಯಾಂಗ್ ಬಿದ್ದದ್ ಅಂತ ಕೇಣ್ರೆ ಎಂತ ಹೇಳುದ್?" ಉಲ್ಲಾಸ್ ಪಿಸುಗುಟ್ಟಿದ.

ಧನ್ಯಾ ಅವನ ಹಣೆಯ ಮರಳನ್ನು ಬೆರಳಿನಿಂದ ಒರೆಸಿದಳು.

"ಹೊಯ್ಗಿ ಇತ್ತ್, ಜಾರ್ತ್" ಎಂದಳು. "ಅಷ್ಟೇ. ಯಾರ್ ಕೇಣ್ರೂ ಅಷ್ಟೇ. ನಾಳೆ ನಮ್ ಮಕ್ಳ್ ಕೇಣ್ರೂ ಅಷ್ಟೇ."