ಒಬ್ಬರಿಗೆ ಮಾತ್ರ ಬಾರದ ಮೇಲ್

ಸೆಪ್ಟೆಂಬರ್ ಇಪ್ಪತ್ತಮೂರು, ಮಂಗಳವಾರ. ಕೆ.ಆರ್. ನಗರ ಠಾಣೆಯ ಅರ್ಧ ಸಿಬ್ಬಂದಿ ದಸರಾ ಬಂದೋಬಸ್ತಿಗೆಂದು ಮೈಸೂರಿಗೆ ಹೋಗಿತ್ತು. ಬೆಳಿಗ್ಗೆ ಹತ್ತೂವರೆಗೆ ಖಾಕಿ ತೊಟ್ಟ ಒಬ್ಬ ಮನುಷ್ಯ ಏದುಸಿರು ಬಿಡುತ್ತ ಒಳಗೆ ಬಂದಾಗ, ಬಾಗಿಲಲ್ಲಿದ್ದ ಸೆಂಟ್ರಿ ಅವನನ್ನು ಬೇರೆ ಠಾಣೆಯ ಪೇದೆಯೆಂದೇ ತಿಳಿದು ಒಳಗೆ ಬಿಟ್ಟ. ಬಂದವನು ಸರ್ಕಾರಿ ಬಸ್ಸಿನ ಚಾಲಕ, ಭೇರ್ಯದ ಗುರುಮಲ್ಲಪ್ಪ. ಸಾಲಿಗ್ರಾಮದ ಟ್ರಿಪ್ ಮುಗಿಸಿದವನು ಬಸ್ಸನ್ನು ನಿಲ್ದಾಣದಲ್ಲೇ ಬಿಟ್ಟು ನೇರ ಇಲ್ಲಿಗೆ ಬಂದಿದ್ದ.

ಇನ್‌ಸ್ಪೆಕ್ಟರ್ ಶಾಂತಲಾ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

“ಏನಾಯ್ತು?”

“ದುಡ್ಡು ಹೋಯ್ತು ಮೇಡಂ. ಒಂದು ಮೇಲ್ ನಂಬ್ಕಂಡು ನಾನೇ ಕೈಯಾರ ಕೊಟ್ಬುಟ್ಟೆ.”

“ಯಾವಾಗ?”

“ಈಗ್ಲೇ. ಮುಕ್ಕಾಲು ಗಂಟೆ ಆಗಿರ್ಬೋದು.”

ಶಾಂತಲಾ ಮುಂದಿನ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಮೇಜಿನ ಫೋನ್ ಎತ್ತಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದಳು. ಹೆಡ್ ಕಾನ್‌ಸ್ಟೇಬಲ್ ಕನಕರಾಜು ಗುರುಮಲ್ಲಪ್ಪನ ಮೊಬೈಲ್ ತೆಗೆದುಕೊಂಡು ಬ್ಯಾಂಕಿನ ಸಂದೇಶ ಓದುತ್ತ ಹೋದ. ಅವಳು ಖಾತೆ ಸಂಖ್ಯೆ, ವಹಿವಾಟಿನ ಸಂಖ್ಯೆಗಳನ್ನು ಆಚೆಯವರಿಗೆ ಒಪ್ಪಿಸಿದಳು. ಹೋಗಿದ್ದು ಎರಡು ಲಕ್ಷದ ಎಂಬತ್ತು ಸಾವಿರ. ಹೆಂಡತಿ ಚಾಮುಂಡಮ್ಮನ ಮಂಡಿ ಆಪರೇಷನ್ನಿಗೆಂದು ಪಿಎಫ್‌ನಿಂದ ತೆಗೆದಿಟ್ಟಿದ್ದ ಹಣ. ಆಪರೇಷನ್ನಿಗೆ ದಿನವೂ ನಿಗದಿಯಾಗಿತ್ತು.

ದೂರು ದಾಖಲಾಗಿ ಹಣ ಸೇರಿದ ಖಾತೆಯನ್ನು ತಡೆಹಿಡಿಯಲು ಬ್ಯಾಂಕಿಗೆ ಸೂಚನೆ ಹೋದ ಮೇಲೆ ಅವಳು ಫೋನ್ ಇಟ್ಟಳು. “ಈಗ ಕೂತ್ಕೊಳ್ಳಿ. ಆ ಮೇಲ್ ತೋರಿಸಿ.”

ಮೇಲ್‌ನ ತಲೆಭಾಗದಲ್ಲಿ ಆದಾಯ ತೆರಿಗೆ ಇಲಾಖೆಯ ಮುದ್ರೆಯಿತ್ತು. ತೆರಿಗೆ ರೀಫಂಡ್ ಮಂಜೂರಾಗಿದೆ, ಬ್ಯಾಂಕ್ ವಿವರ ತಾಳೆಯಾಗದೆ ನಿಂತಿದೆ, ಇಂದೇ ದೃಢಪಡಿಸದಿದ್ದರೆ ರದ್ದಾಗುತ್ತದೆ ಎಂದು ಬರೆದಿತ್ತು. ಅದರ ಕೆಳಗೆ ಒತ್ತಲು ಒಂದು ನೀಲಿ ಗುಂಡಿ. ಶಾಂತಲಾ ಕಳಿಸಿದವರ ವಿಳಾಸವನ್ನು ಬಿಡಿಸಿ ನೋಡಿದಳು. ಮೊದಲ ಭಾಗ ಆದಾಯ ತೆರಿಗೆಯದ್ದೇ ಅನ್ನಿಸುವಂತಿತ್ತು. ಕೊನೆಯಲ್ಲಿ ಮಾತ್ರ ಸರ್ಕಾರಿ ವಿಳಾಸದ ಗುರುತಿಲ್ಲದೆ ಯಾವುದೋ ಅಡ್ಡಾದಿಡ್ಡಿ ಹೆಸರಿತ್ತು.

“ರೀಫಂಡ್ ಕೊಡೋಕೆ ಇಲಾಖೆಯವರು ಕಾರ್ಡ್ ನಂಬರು, ಓಟಿಪಿ ಕೇಳಲ್ಲ. ರಿಟರ್ನ್‌ನಲ್ಲಿ ಕೊಟ್ಟಿರೋ ಖಾತೆಗೆ ತಾನಾಗೇ ಬರುತ್ತೆ.”

“ಅದು ನಂಗೂ ಗೊತ್ತಿತ್ತು ಮೇಡಂ. ಆದ್ರೆ ಅದ್ರಲ್ಲಿ ನನ್ನ ಪ್ಯಾನ್ ನಂಬರಿತ್ತು. ನಂಗೆ ಬರ್ಬೇಕಿದ್ದ ದುಡ್ಡು ರೂಪಾಯಿಗೆ ರೂಪಾಯಿ ಸರಿಯಾಗಿತ್ತು. ಗುಂಡಿ ಒತ್ತಿದ್ ತಕ್ಷಣ ಯಾರೋ ಆಫೀಸರ್ ಅಂತ ಫೋನ್ ಬೇರೆ ಮಾಡಿದ್ರು. ಬೇರೆಯೋರಿಗೆ ಇದೆಲ್ಲ ಎಂಗೆ ಗೊತ್ತಾಯ್ತದೆ, ನೀವೇ ಏಳಿ.”

ಅದೇ ಪ್ರಶ್ನೆ ಶಾಂತಲಾಳ ತಲೆಯಲ್ಲೂ ಎದ್ದಿತ್ತು. “ಈ ಇ-ಮೇಲ್ ವಿಳಾಸ ಎಲ್ಲೆಲ್ಲಿ ಕೊಟ್ಟಿದ್ದೀರಿ? ಬ್ಯಾಂಕು, ಅಂಗಡಿ?”

“ಎಲ್ಲೂ ಇಲ್ಲ. ಅದು ನಾನು ಮಾಡ್ಕಂಡಿದ್ದೇ ಅಲ್ಲ. ರಿಟರ್ನ್ ಹಾಕೋವಾಗ ಟ್ಯಾಕ್ಸ್ ಆಫೀಸಿನೋರು ಮಾಡ್ಕೊಟ್ರು, ಬಜಾರ್ ರಸ್ತೇಲಿ, ಮಹೇಶ್‌ಕುಮಾರ್ ಅವರತ್ರ.”

ಶಾಂತಲಾ ಕನಕರಾಜುವಿನ ಮುಖ ನೋಡಿದಳು. ಆ ವಿಳಾಸ ಲೋಕದಲ್ಲಿ ಒಂದೇ ಕಡೆ ಇತ್ತು. ಎಫ್‌ಐಆರ್ ಆಯಿತು: ವಂಚನೆ, ಸೋಗು ಹಾಕಿ ವಂಚನೆ, ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಎರಡು ಕಲಂ. ಹನ್ನೊಂದೂವರೆಗೆ ಜೀಪು ಬಜಾರ್ ರಸ್ತೆಗೆ ತಿರುಗಿತು.

ಮಹೇಶ್‌ಕುಮಾರನ ಕಚೇರಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಎರಡು ಕಂಪ್ಯೂಟರ್, ಇಬ್ಬರು ಕೆಲಸದವರು. ಹಣ ವಸೂಲಿ ಮಾಡಿ ರಸೀದಿ ಕೊಡುವವಳು ಪ್ರಿಯಾ. ರಿಟರ್ನ್ ತುಂಬುವವನು ಧರ್ಮೇಂದ್ರ, ಇಪ್ಪತ್ತೇಳರ ಸಣಕಲು ಹುಡುಗ. ವಿಷಯ ಕೇಳಿ ಮಹೇಶ್‌ಕುಮಾರ್ ಸಿಡುಕಿದ.

“ಹನ್ನೆರಡು ವರ್ಷದಿಂದ ಆಫೀಸ್ ನಡೆಸ್ತಿದ್ದೀನಿ ಮೇಡಂ. ನಮ್ಮಿಂದ ಹೊರಗೆ ಹೋಗಿರೋಕೆ ಚಾನ್ಸೇ ಇಲ್ಲ.”

“ಗಿರಾಕಿಗಳ ಖಾತೆಗಳ ಪಾಸ್‌ವರ್ಡ್ ಯಾರ ಹತ್ರ ಇದೆ?”

“ಮೂವರ ಹತ್ರಾನೂ.”

“ರೀಫಂಡ್ ಬರಬೇಕಾದವರು ಎಷ್ಟು ಜನ?”

“ನಲವತ್ತರ ಹತ್ರ ಇರಬಹುದು.”

ಕಂಪ್ಯೂಟರ್ ಜಪ್ತಿ ಆಮೇಲೆ ಆಗಬಹುದು, ಮೊದಲು ಆ ನಲವತ್ತು ಜನ ಗುಂಡಿ ಒತ್ತದಂತೆ ತಡೆಯಬೇಕು ಎಂದು ಶಾಂತಲಾ ನಿರ್ಧರಿಸಿದಳು. ಗುರುಮಲ್ಲಪ್ಪನಿಗೆ ಬಂದ ಮೇಲ್ ಉಳಿದವರ ಫೋನುಗಳಲ್ಲೂ ಕುಳಿತಿರಬಹುದು. ಧರ್ಮೇಂದ್ರ ಹೆಸರು, ನಂಬರು ಓದತೊಡಗಿದ. ಪ್ರಿಯಾ, ಕನಕರಾಜು, ಮಹೇಶ್‌ಕುಮಾರ್ ಒಂದೊಂದು ಫೋನ್ ಹಿಡಿದರು. ಎಲ್ಲರಿಗೂ ಹೇಳಿದ್ದು ಒಂದೇ ಮಾತು: ಮೇಲ್ ಬಂದಿದ್ದರೆ ಮುಟ್ಟಬೇಡಿ, ಮುಟ್ಟಿದ್ದರೆ ಈಗಲೇ ತಿಳಿಸಿ. ಬಂದಿದೆ, ಬಂದಿದೆ ಎಂದೇ ಎಲ್ಲ ಕಡೆಯಿಂದ ಉತ್ತರ. ಪಿರಿಯಾಪಟ್ಟಣದ ಒಬ್ಬ ಮೇಷ್ಟ್ರು ಗುಂಡಿ ಒತ್ತಿ, ಕಾರ್ಡು ಹುಡುಕಲು ಒಳಗೆ ಹೋಗಿದ್ದರಂತೆ.

ಎನ್. ಬೇಗೂರಿನ ಹುಚ್ಚಯ್ಯನ ಫೋನು ಮಾತ್ರ ಬ್ಯುಸಿ ಬಂತು. ನಿವೃತ್ತ ಅರಣ್ಯ ರಕ್ಷಕ, ಒಂಟಿ ಜೀವ. ಐದು ನಿಮಿಷ ಬಿಟ್ಟು ಮಾಡಿದರೂ ಬ್ಯುಸಿ. ಮತ್ತೆ ಮಾಡಿದರೂ ಅದೇ.

“ಅಷ್ಟೊತ್ತು ಯಾರ ಜೊತೆ ಮಾತಾಡ್ತಾರೆ?” ಶಾಂತಲಾ ಕೇಳಿದಳು.

ಅವಳು ಎಚ್.ಡಿ. ಕೋಟೆ ಠಾಣೆಗೆ ಕರೆ ಮಾಡಿದಳು. ಪುಣ್ಯಕ್ಕೆ ಬೀಟ್ ಪೇದೆ ಚಿಕ್ಕಮಾದು ಆ ದಿಕ್ಕಿನಲ್ಲೇ ಇದ್ದ. ಅವನು ಬೈಕ್ ಹತ್ತಿದನೆಂದು ತಿಳಿದದ್ದಷ್ಟೇ. ಆಮೇಲೆ ಅವನ ಮೊಬೈಲಿಗೂ ನೆಟ್‌ವರ್ಕ್ ತಪ್ಪಿತು. ಕನಕರಾಜು ಹುಚ್ಚಯ್ಯನ ನಂಬರನ್ನು ಒತ್ತುತ್ತಲೇ ಇದ್ದ. ಶಾಂತಲಾ ಕಿಟಕಿಯ ಬಳಿ ನಿಂತು ಚಿಕ್ಕಮಾದುವಿನ ನಂಬರನ್ನು ಮತ್ತೆ ಮತ್ತೆ ಒತ್ತಿದಳು. ಕಾಡಂಚಿನ ಒಂದು ಮನೆಯಲ್ಲಿ ಮುದುಕನ ಕಿವಿಗೆ ಯಾರೋ ನಯವಾಗಿ ಮಾತಾಡುತ್ತಿರುವುದು ಅವಳ ಕಣ್ಣಿಗೆ ಕಟ್ಟಿದಂತಿತ್ತು.

ಕೊನೆಗೆ ಅವಳ ಮೊಬೈಲ್ ಬಡಿದುಕೊಂಡಿತು.

“ಮೇಡಂ, ಚಿಕ್ಕಮಾದು. ಅಯ್ಯನ ಕೈಯಿಂದ ಫೋನ್ ಕಿತ್ಕಂಡೆ. ಬಯ್ತಾವ್ರೆ ನನ್ನ.”

“ಓಟಿಪಿ ಹೇಳಿಬಿಟ್ರಾ?”

“ಆರರಲ್ಲಿ ನಾಕು ಅಂಕಿ ಏಳ್ಬುಟ್ಟಿದ್ರು. ಎರಡು ಉಳ್ದಿತ್ತು.”

ಶಾಂತಲಾ ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಪ್ರಶ್ನೆ ಬಂತು. “ಉಳೀತಾ ಮೇಡಂ? ದುಡ್ಡು ಉಳೀತಾ?” ಕೇಳಿದವನು ಧರ್ಮೇಂದ್ರ. ಅವನ ಕಣ್ಣಲ್ಲಿ ನೀರಿತ್ತು. ಗಿರಾಕಿಯ ಮೇಲೆ ಇಷ್ಟು ಅಕ್ಕರೆಯೇ ಎಂದು ಅವಳಿಗೆ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಕರೆ ಮುಗಿಯಿತು. ಕನಕರಾಜು ತನ್ನ ಲೆಕ್ಕ ಒಪ್ಪಿಸಿದ. “ಎಲ್ರಿಗೂ ಬಂದದೆ ಮೇಡಂ. ಉಣಸೂರಿನ ಒಬ್ಬ ನರ್ಸಮ್ಮಂಗೆ ಮಾತ್ರ ಇಲ್ಲ. ಸಣ್ಣತಾಯಮ್ಮ ಅಂತ.”

ಬಂದವರ ನಡುವೆ ಬಾರದವಳು ಒಬ್ಬಳೇ. ಶಾಂತಲಾ ಮೆಟ್ಟಿಲಿಳಿದು ಜೀಪಿನ ಪಕ್ಕ ನಿಂತು ತಾನೇ ಕರೆ ಮಾಡಿದಳು.

“ಇಲ್ಲ ಕಣ್ರೀ, ಎಲ್ಲ ಹುಡುಕ್ದೆ, ಅಂಥದ್ದೇನೂ ಬಂದಿಲ್ಲ,” ಎಂದಳು ಸಣ್ಣತಾಯಮ್ಮ. “ನೀವು ಅಲ್ಲೇ ಇದ್ರೆ ನಮ್ಮ ಧರ್ಮನ್ನ ಕೇಳಿ. ನಮ್ಮಕ್ಕನ ಮಗ. ನಂದೆಲ್ಲ ಅವ್ನೇ ನೋಡ್ಕಳೋದು.”

ಅವಳು ಮತ್ತೆ ಮೇಲೆ ಹೋದಾಗ ಧರ್ಮೇಂದ್ರ ಎದ್ದು ನಿಂತಿದ್ದ.

“ಹೊರಗೆ ಕಳಿಸಿದ ಪಟ್ಟಿಯಿಂದ ಚಿಕ್ಕಮ್ಮನ ಹೆಸರು ಯಾಕೆ ತೆಗೆದೆ?”

“ಯಾವ ಹೆಸರು ಮೇಡಂ?”

“ಫೋನ್ ಕೊಡು.”

ಅವನು ಕೊಡಲಿಲ್ಲ. ಹೆಬ್ಬೆರಳು ಏನನ್ನೋ ಅಳಿಸಲು ಹೊರಟಿತ್ತು. ಕನಕರಾಜು ಅವನ ಮಣಿಕಟ್ಟು ಹಿಡಿದ. “ಬುಡ್ಲಾ. ಇನ್ನೂ ಕೆಡಿಸ್ಕಬೇಡ.”

ಕೆಳಗಿನ ಅಂಗಡಿಯಿಂದ ಸಾಕ್ಷಿಗೆಂದು ಇಬ್ಬರು ಪಂಚರನ್ನು ಕರೆಸಿ, ಅವರೆದುರು ಫೋನನ್ನೂ ಎರಡು ಕಂಪ್ಯೂಟರುಗಳನ್ನೂ ಜಪ್ತಿ ಮಾಡಿ ಪಂಚನಾಮೆ ಬರೆದರು. ಗಿರಾಕಿಗಳ ವಿವರವನ್ನು ಹಿಂದಿನ ವಾರ ಯಾರಿಗೋ ಕಳಿಸಿದ್ದು ಫೋನಿನಲ್ಲೇ ಇತ್ತು. ಪಡೆದವನ ಹೆಸರಿಲ್ಲ, ಹೊರರಾಜ್ಯದ ಒಂದು ನಂಬರು ಅಷ್ಟೇ. ಮೂರು ಗಂಟೆಗೆ ಧರ್ಮೇಂದ್ರನನ್ನು ಬಂಧಿಸಲಾಯಿತು. ಮಹೇಶ್‌ಕುಮಾರ್ ಕುರ್ಚಿಯಿಂದ ಏಳಲಿಲ್ಲ. “ಹುಷಾರಾಗಿರಿ, ಏನೂ ಒತ್ತಬೇಡಿ ಅಂತ ಬಂದವರಿಗೆಲ್ಲ ಹೇಳ್ತಿದ್ದವನೇ ಇವನು,” ಎಂದಷ್ಟೇ ಅಂದ.

ಠಾಣೆಯಲ್ಲಿ ಶಾಂತಲಾ ಧರ್ಮೇಂದ್ರನಿಗೆ ಟೀ ತರಿಸಿದಳು. ಅವನು ಮುಟ್ಟಲಿಲ್ಲ.

“ಎಷ್ಟು ಕೊಟ್ಟರು?”

“ಒಂದು ಪೈಸೆ ಇಲ್ಲ.”

“ಮತ್ತೆ ಯಾಕೆ?”

ಅವನು ಗೋಡೆ ನೋಡುತ್ತ ಬಾಯಿಬಿಟ್ಟ. ಜುಲೈನಲ್ಲಿ ಅವನಿಗೂ ಅಂಥದೇ ಮೇಲ್ ಬಂದಿತ್ತು. ರಿಟರ್ನಿನ ಗಡಿಬಿಡಿ, ಕಣ್ಣು ಮಂಜಾಗುವಷ್ಟು ಕೆಲಸ. ಒತ್ತಿಬಿಟ್ಟ. ಅಮ್ಮ ಗುರುಶಾಂತಮ್ಮ ಹೆಂಗಸರ ಸಂಘದ ಖಜಾಂಚಿ. ಅವಳು ಇಡಲು ಕೊಟ್ಟ ಸಂಘದವರ ಹಣ ಅವನ ಖಾತೆಯಲ್ಲಿತ್ತು. ಅಷ್ಟೂ ಹೋಯಿತು. ಎರಡು ದಿನ ಕಳೆದು ಅದೇ ಜನ ಫೋನ್ ಮಾಡಿದರು. ನೀನು ಎಲ್ಲಿ ಕೆಲಸ ಮಾಡುತ್ತೀಯೆಂದು ನಮಗೆ ಗೊತ್ತು, ಗಿರಾಕಿಗಳ ವಿವರ ಕಳಿಸು, ನಿನ್ನ ದುಡ್ಡು ವಾಪಸ್ ಹಾಕುತ್ತೇವೆ ಎಂದರು. ಎರಡು ತಿಂಗಳು ಅವನು ಆಗುವುದಿಲ್ಲ ಎನ್ನುತ್ತಲೇ ಬಂದ. ದೀಪಾವಳಿಗೆ ಸಂಘದವರು ಹಣ ಹಂಚಿಕೊಳ್ಳುವ ಮಾತೆತ್ತಿದಾಗ, ಚಿಕ್ಕಮ್ಮನ ಹೆಸರೊಂದನ್ನು ಬಿಟ್ಟು ಉಳಿದವರ ವಿವರ ಕಳಿಸಿದ.

“ಜುಲೈನಲ್ಲೇ 1930ಗೆ ಯಾಕೆ ಫೋನ್ ಮಾಡಲಿಲ್ಲ? ಆ ನಂಬರ್ ನಿನಗೆ ಗೊತ್ತಿರಲಿಲ್ವಾ?”

“ಬಾಯಿಪಾಠ ಇತ್ತು ಮೇಡಂ. ದಿನಾ ಹತ್ತು ಜನಕ್ಕೆ ಹೇಳ್ತಿದ್ದೆ.” ಅವನ ದನಿ ಇಳಿಯಿತು. “ಫೋನ್ ಮಾಡಿದ್ರೆ ನನ್ನ ಹೆಸರು ಹೇಳ್ಬೇಕಿತ್ತಲ್ಲ. ಧರ್ಮೇಂದ್ರನೇ ಮೋಸ ಹೋದ ಅಂತ ಊರೆಲ್ಲ ನಗ್ತಿತ್ತು. ಅಮ್ಮಂಗೂ ಹೇಳಕ್ಕಾಗ್ಲಿಲ್ಲ.”

ಸಂಜೆಯ ಹೊತ್ತಿಗೆ ಬ್ಯಾಂಕಿನಿಂದ ಮಾಹಿತಿ ಬಂತು. ಗುರುಮಲ್ಲಪ್ಪನ ಹಣದಲ್ಲಿ ಹೆಚ್ಚಿನ ಪಾಲು ತಡೆಯಲ್ಲಿ ನಿಂತಿದೆ, ನ್ಯಾಯಾಲಯದ ಆದೇಶವಾದರೆ ಮರಳುತ್ತದೆ. ಹೊರರಾಜ್ಯದ ನಂಬರಿನ ಜಾಡು ಹಿಡಿಯುವ ಕೆಲಸವನ್ನು ಮೈಸೂರಿನ ಸೈಬರ್ ಠಾಣೆಯವರು ಒಪ್ಪಿಕೊಂಡರು. ಧರ್ಮೇಂದ್ರನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಕಾಗದಪತ್ರ ಸಿದ್ಧವಾದವು.

ಜೀಪು ಹೊರಡುವ ಮುನ್ನ ಶಾಂತಲಾ ಒಂದು ಬಿಳಿ ಹಾಳೆ, ಪೆನ್ನು ತಂದು ಅವನ ಮುಂದಿಟ್ಟಳು.

“ತಪ್ಪೊಪ್ಪಿಗೆನಾ ಮೇಡಂ?”

“ಅಲ್ಲ. ದೂರು. ಜುಲೈನಲ್ಲಿ ನಿನಗೆ ಮೋಸ ಆಯ್ತಲ್ಲ, ಅದರದ್ದು. ತಡವಾಗಿದೆ, ದುಡ್ಡು ಸಿಗುತ್ತೆ ಅಂತ ಹೇಳಲ್ಲ. ಬರಿ.”

ಅವನು ದಿನಾಂಕ ಹಾಕಿದ. ದೂರುದಾರರ ಹೆಸರು ಎಂದು ಬರೆದು, ಪೆನ್ನು ಹಾಳೆಯ ಮೇಲೆ ಊರಿ ಬಹಳ ಹೊತ್ತು ಕೂತ. ಕನಕರಾಜು ಆತುರಪಡಿಸಲಿಲ್ಲ. ಕೊನೆಗೆ ಧರ್ಮೇಂದ್ರ ತಲೆ ತಗ್ಗಿಸಿ, ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆದ.