ಹುಲಗೆಮ್ಮನ ‘ಹೂಂ’

ಶಾಲೆಯ ದಿನಗಳಲ್ಲಿ ನಾನು ಮತ್ತು ಗೆಳತಿ ಹುಲಗೆಮ್ಮ ವಾರಪತ್ರಿಕೆಯ ಪ್ರೇಮ ಧಾರಾವಾಹಿಯನ್ನು ಕತ್ತರಿಸಿ, ಅಕ್ಕಿಚೀಲದ ದಬ್ಬಣದಿಂದ ಹೊಲಿದು, ಒಟ್ಟಿಗೆ ಓದುತ್ತಿದ್ದೆವು. ಅವಳ ಓದು ನಿಧಾನ. ಅವಳು ‘ಹೂಂ’ ಅಂದಮೇಲೆಯೇ ನಾನು ಪುಟ ತಿರುಗಿಸಬೇಕು. ಕೊನೆಯ ಕಂತು ಬರುವ ಮೊದಲೇ ಅವಳು ಕಾಲುವೆಯ ಪಾಲಾದಳು. ಆ ಕಂತನ್ನು ನಾನು ಹೊಲಿದು ಸೇರಿಸಲೇ ಇಲ್ಲ.

ಮೊನ್ನೆ ಮಧ್ಯಾಹ್ನ ಗಂಗಾವತಿಯ ನಮ್ಮ ಮನೆಯಲ್ಲಿ ಆ ಹೊಲಿದ ಪುಸ್ತಕವನ್ನು ಮತ್ತೆ ಓದಲು ಕೂತೆ. ಮೊದಲ ಪುಟ ಮುಗಿಯುತ್ತಲೇ ಎಡಕಿವಿಯ ಹತ್ತಿರ ‘ಹೂಂ’ ಕೇಳಿಸಿತು. ಭ್ರಮೆಯೆಂದುಕೊಂಡೆ. ಆದರೆ ಪ್ರತಿ ಪುಟಕ್ಕೂ ಕೇಳಿಸಿತು. ಎಡಭುಜ ತಣ್ಣಗಾಗುತ್ತ ಹೋಯಿತು. ಕೆಸರಿನ ನಾತ ಹೊಡೆಯತೊಡಗಿತು.

ಅಡುಗೆಮನೆಯಿಂದ ಅತ್ತೆ ಕೂಗಿದರು: “ಯಾರು ಬಂದಾರವಾ? ಅವರಿಗೂ ಚಾ ಇಡ್ಲೇನು?”

“ಯಾರೂ ಬಂದಿಲ್ರಿ, ಅತ್ತಿ.”

ಕೊನೆಯ ಪುಟ ಮುಗಿಸಿ ಕಾದೆ. ‘ಹೂಂ’ ಬರಲಿಲ್ಲ. ಮುಚ್ಚಲು ಹೋದರೆ ಆ ಪುಟವನ್ನು ಎಡಗಡೆಯಿಂದ ಯಾರೋ ಬಿಗಿಯಾಗಿ ಹಿಡಿದಿದ್ದರು.

ಪುಸ್ತಕ ಇವತ್ತಿಗೂ ಹಾಗೇ ತೆರೆದಿದೆ. ಆ ಪುಟದ ಎಡ ಅಂಚಿನಲ್ಲಿ ಮೂಡಿದ ಬೆರಳಗಲದ ಒದ್ದೆ ಇನ್ನೂ ಒಣಗಿಲ್ಲ.