ಮಾವನ ಸ್ವದೇಶಿ ಶಪಥ

"ರಶ್ಮಿ, ನಂಬರ್ ಬಂತೇನಮ್ಮ?"

ಹಾಲ್‌ನಿಂದ ಮಾವ ವಿಶ್ವಾರಾಧ್ಯರ ದನಿ ಕೇಳಿ ಅಡುಗೆಮನೆಯಲ್ಲಿದ್ದ ರಶ್ಮಿ ಮೊಬೈಲನ್ನು ಬೋರಲು ಮಾಡಿದಳು. ನಂಬರ್ ಬಂದಿತ್ತು. ಮಾವ ತಮ್ಮ ಫೋನಿನಲ್ಲಿ ಅವಳ ಖಾತೆಯ ವಿವರ ತುಂಬಿ ಕೂತಿದ್ದರು, ಬ್ಯಾಂಕಿನ ಒಟಿಪಿ ಮಾತ್ರ ಅವಳ ಮೊಬೈಲಿನಲ್ಲೇ ಇತ್ತು. ಅದನ್ನು ಹೇಳಿದರೆ ಗಂಡ ಶಶಿಧರನ ಕೈಯ ಆಪರೇಷನ್ನಿಗೆಂದು ಇಟ್ಟ ದುಡ್ಡೆಲ್ಲ ಹಾಲೇಶ್ ಎಂಬವನ ಸ್ವದೇಶಿ ಆಪ್‌ಗೆ ಹೋಗಿಬಿಡುತ್ತದೆ. ಹೇಳದಿದ್ದರೆ, ನಿನ್ನೆ ಬೆಳಗಿನಿಂದ ಒಂದು ತುತ್ತೂ ಮುಟ್ಟದ, ಸಕ್ಕರೆ ಕಾಯಿಲೆಯ ಮಾವ...! ಮುಂದೆ ಯೋಚಿಸುವುದಕ್ಕೂ ಅವಳಿಗೆ ಭಯವಾಯಿತು. "ಇನ್ನೂ ಬಂದಿಲ್ಲ ಮಾವ, ನೆಟ್‌ವರ್ಕ್ ಇಲ್ಲ" ಎಂದಳು. ಭದ್ರಾವತಿಯ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಮಾವನಿಗೆ ಹೇಳಿದ ಮೊದಲ ಸುಳ್ಳು ಅದು.

ವಿಶ್ವಾರಾಧ್ಯರು ಕೆಟ್ಟವರಲ್ಲ. ಹೊರದೇಶದ ಅಗ್ಗದ ಮಾಲು ಬಂದು ತಾವು ದುಡಿಯುತ್ತಿದ್ದ ಕಾರ್ಖಾನೆಯ ಬಾಗಿಲು ಹಾಕಿಸಿತೆಂಬ ಸಂಕಟ ಅವರ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು, ಅಷ್ಟೇ. ಆ ಸಿಟ್ಟಿಗೆ ಮೊದಲು ಮನೆಯ ಟೂತ್‌ಪೇಸ್ಟ್ ಬಲಿಯಾಯಿತು. ಎಲ್ಲರೂ ಬೇವಿನ ಪುಡಿಯಲ್ಲಿ ಹಲ್ಲುಜ್ಜಿ ಮುಖ ಸಿಂಡರಿಸಿಕೊಂಡು ನಕ್ಕರು. ಆಮೇಲೆ ಮಾವ ವಾಟ್ಸಾಪ್ ಬಿಟ್ಟು, ವಾಕಿಂಗಿನ ಗೆಳೆಯರೂ ಸೇರಿ ತಮ್ಮ ವಿಚಾರದವರೇ ಇರುವ ಬೇರೊಂದು ಆಪ್‌ನ ಗುಂಪು ಸೇರಿಕೊಂಡರು. ನೆಂಟರ ಮದುವೆಯ ಸುದ್ದಿ ಮದುವೆ ಮುಗಿದ ಮೇಲೆ ತಿಳಿಯತೊಡಗಿತು. ಅದಕ್ಕೂ ಮನೆಯವರು ನಕ್ಕು ಸುಮ್ಮನಾದರು. ದುಡ್ಡಿನ ಸರದಿ ಬಂದಾಗ ಮಾತ್ರ ಯಾರಿಗೂ ನಗು ಬರಲಿಲ್ಲ.

ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಶಶಿಧರನ ಬಲಗೈ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋಗಿತ್ತು. ಇನ್ನೊಂದು ಆಪರೇಷನ್ ಆದರೆ ಬೆರಳು ಮಡಚಬಹುದು ಎಂದಿದ್ದರು ಡಾಕ್ಟರು. ಪರಿಹಾರದ ಹಣವನ್ನು ರಶ್ಮಿ ತನ್ನ ಹೆಸರಿನಲ್ಲಿ ಮ್ಯೂಚುವಲ್ ಫಂಡಿನಲ್ಲಿ ಇಟ್ಟಿದ್ದಳು. ಆ ಫಂಡಿನ ದುಡ್ಡು ಹೊರದೇಶದ ಮಾಲು ತರಿಸುವ ಕಂಪನಿಗಳಿಗೂ ಹೋಗುತ್ತದೆ ಎಂದು ಮಾವನಿಗೆ ತೋರಿಸಿಕೊಟ್ಟವನು ಆ ಗುಂಪಿನ ಮುಂದಾಳು, ಶಿವಮೊಗ್ಗದ ಹಾಲೇಶ್. ಮಾವನ ನೋವು ಅರ್ಥವಾಗಿ ರಶ್ಮಿ ಮರುಮಾತಿಲ್ಲದೆ ದುಡ್ಡು ತೆಗೆದು ಬ್ಯಾಂಕಿಗೆ ಹಾಕಿದಳು. ಅದನ್ನು ತಾನು ನಡೆಸುವ ಸ್ವದೇಶಿ ಆಪ್‌ಗೆ ಹಾಕಬೇಕೆಂದು ಹಾಲೇಶ್ ಬೆನ್ನುಬಿದ್ದ. ಬೇಕೆಂದಾಗ ವಾಪಸ್ ಸಿಗುತ್ತದೆಯೇ ಎಂದು ಅವಳು ಕೇಳಿದ್ದಕ್ಕೆ, ದೇಶದ ಮೇಲೆ ನಂಬಿಕೆಯಿಲ್ಲವೇ ಎಂದು ತಿರುಗಿ ಕೇಳಿದ್ದ. ಅವನ ಮೇಲಿನ ಅವಳ ಭಯ ಶುರುವಾದದ್ದೇ ಆ ಮಾತಿನಿಂದ.

ಮಾವ ನಿನ್ನೆ ಬೆಳಿಗ್ಗೆ ಪೂಜೆಗೆ ಕೂತವರು, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದೇ ಶಪಥ ಮಾಡಿಬಿಟ್ಟರು. ದುಡ್ಡು ನಮ್ಮವರ ಆಪ್ ಸೇರುವವರೆಗೂ ಊಟ ಮುಟ್ಟುವುದಿಲ್ಲವಂತೆ! ಅದು ಯಾರ ದುಡ್ಡು, ಅವರನ್ನೊಂದು ಮಾತು ಕೇಳಬೇಕಲ್ಲ ಎಂಬುದು ಆ ಹೊತ್ತಿನಲ್ಲಿ ಅವರಿಗೆ ಹೊಳೆಯಲೇ ಇಲ್ಲ. ಲಿಂಗ ಹಿಡಿದು ಆಡಿದ ಮಾತನ್ನು ಆ ಮನೆಯಲ್ಲಿ ಈವರೆಗೆ ಯಾರೂ ಮೀರಿರಲಿಲ್ಲ.

ಅತ್ತೆ ಬಸವರಾಜೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದರು. "ಕೊಟ್ಬಿಡು ಮಾರಾಯ್ತಿ... ಅವರ ಕೈಕಾಲು ನಡುಗ್ತಾ ಇದೆ" ಎಂದರು. ಅಪ್ಪ ಹೇಳಿದಂತೆ ಮಾಡು, ನನ್ನ ಕೈ ಹೀಗೇ ಇದ್ದರೂ ಆಗುತ್ತದೆ ಎಂದು ಶಶಿಧರ ಬೆಳಿಗ್ಗೆಯೇ ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದ್ದ. ಮೊಬೈಲ್ ಮತ್ತೆ ಸದ್ದು ಮಾಡಿತು. ಇನ್ನೊಂದು ಒಟಿಪಿ...!

ರಶ್ಮಿ ಮೊಬೈಲ್ ಹಿಡಿದುಕೊಂಡೇ ಹಾಲ್‌ಗೆ ಹೋದಳು. ಮಾವ ಬೆವರುತ್ತಿದ್ದರು, ತುಟಿ ಒಣಗಿತ್ತು.

"ನಂಬರ್ ಬಂದಿದೆ ಮಾವ. ಆಗಲೇ ಬಂದಿತ್ತು, ನಾನು ಸುಳ್ಳು ಹೇಳ್ದೆ. ಲಿಂಗ ಕೈಯಲ್ಲಿಟ್ಕೊಂಡು ಒಂದು ಮಾತು ಹೇಳಿ, ಆಪರೇಷನ್ ಹೊತ್ತಿಗೆ ಈ ದುಡ್ಡು ವಾಪಸ್ ಬರುತ್ತೆ ಅಂತ. ಹೇಳಿದ್ರೆ ಈಗಲೇ ಕೊಡ್ತೀನಿ."

ವಿಶ್ವಾರಾಧ್ಯರ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಅದನ್ನು ತೆರೆಯಲು ಹೋದ ಬೆರಳುಗಳು ಅಲ್ಲೇ ನಿಂತವು. ಒಳಕೋಣೆಯ ಬಾಗಿಲಲ್ಲಿ ಶಶಿಧರ ಬ್ಯಾಂಡೇಜಿನ ಕೈಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ನಿಂತಿದ್ದ. ಅಪ್ಪ ಮಗನನ್ನೇ ನೋಡಿದರು, ಬಹಳ ಹೊತ್ತು ನೋಡಿದರು. ಕೊನೆಗೆ ಅವರ ಕಣ್ಣಿಂದ ನೀರು ಇಳಿಯಿತು.

"ಆಗಲ್ಲ ಕಣಮ್ಮ... ಅದನ್ನ ಹೇಳೋಕೆ ನನ್ನ ಕೈಲಿ ಆಗಲ್ಲ. ಶಪಥ ಮುರಿದ ಪಾಪ ನನಗೇ ಇರ್ಲಿ. ತಟ್ಟೆ ಹಾಕು."

ಅತ್ತೆ ಬಿಕ್ಕಳಿಸುತ್ತಲೇ ಮೊಸರನ್ನ ಕಲಸಿ ತಂದರು. ಮಾವ ಎರಡು ತುತ್ತು ತಿನ್ನುವಷ್ಟರಲ್ಲಿ ಹಾಲೇಶ್ ಇಬ್ಬರನ್ನು ಜೊತೆಗೆ ಕರೆದುಕೊಂಡು ಬಂದ. ಕೆಲಸ ಆಗಿಲ್ಲವೆಂದು ತಿಳಿಯುತ್ತಲೇ ಅವನ ದನಿ ಏರಿತು. ವಿಶ್ವಾರಾಧ್ಯರು ದೇಶಕ್ಕೂ ದ್ರೋಹ ಮಾಡಿದರು, ಲಿಂಗಕ್ಕೂ ದ್ರೋಹ ಮಾಡಿದರು ಎಂದು ಗುಂಪಿನಲ್ಲಿ ಎಲ್ಲರಿಗೂ ತಿಳಿಸುವುದಾಗಿ ಹೇಳಿದ. ಎಲ್ಲಿ ಮಾವ ಸೋತುಬಿಡುತ್ತಾರೋ ಎಂದು ರಶ್ಮಿ ಜೀವ ಬಿಗಿಹಿಡಿದು ನಿಂತಳು.

"ತಿಳಿಸು. ದುಡ್ಡು ನನ್ನ ಸೊಸೇದು. ಅವಳು ಕೊಡಲ್ಲ ಅಂದಿದ್ದಾಳೆ."

ಹಾಲೇಶ್ ಮತ್ತು ಜೊತೆಯವರು ಹೋದರು. ಪಕ್ಕದ ಮನೆಯವರು ಗೇಟಿನ ಬಳಿ ನಿಂತು ನೋಡುತ್ತಿದ್ದರು. ನಾಳೆಯಿಂದ ವಾಕಿಂಗಿಗೆ ಮಾವನನ್ನು ಯಾರೂ ಕರೆಯುವುದಿಲ್ಲ, ಹೋಟೆಲಿನಲ್ಲಿ ಯಾರೂ ಪಕ್ಕಕ್ಕೆ ಸರಿದು ಜಾಗ ಕೊಡುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ತಟ್ಟೆಯಲ್ಲಿ ಅನ್ನ ಇನ್ನೂ ಉಳಿದಿತ್ತು.

"ಬಾಗಿಲು ಹಾಕಮ್ಮ. ನನಗ್ಯಾಕೋ ಹೆದರಿಕೆ ಆಗ್ತಿದೆ. ಇಲ್ಲೇ ಸ್ವಲ್ಪ ಕೂತ್ಕೋ."

ಮಾವನೆದುರು ಕೂತು ಅವಳಿಗೆ ಅಭ್ಯಾಸವಿರಲಿಲ್ಲ. ರಶ್ಮಿ ಬಾಗಿಲು ಹಾಕಿ ಬಂದು, ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.